ಎತ್ತುವುದು ಮತ್ತು ಇಡುವುದು

ಲೋಕದಲ್ಲಿ ಆರಂಭಶೂರರಿಗೆ ಎಂದೂ ಕೊರತೆಯಾಗಿಲ್ಲ. ಮದುವೆಯ ಚಪ್ಪರ ಹಾಕುವಾಗ ಊರಿನ ಹತ್ತು ಕೈಗಳು ತಾವಾಗಿ ಬಂದು ಸೇರುತ್ತವೆ. ಮರುದಿನ ಗಳುಗಳನ್ನು ಬಿಚ್ಚಿ, ಕಂಬ ನೆಟ್ಟ ಗುಂಡಿಗಳನ್ನು ಮುಚ್ಚಿ, ಎರವಲು ತಂದ ಕೊಳದಪ್ಪಲೆಗಳನ್ನು ಬೆಳಗಿ ಅವರವರ ಮನೆಗೆ ಮುಟ್ಟಿಸುವ ಹೊತ್ತಿಗೆ ಉಳಿದಿರುವುದು ಎರಡೇ ಕೈಗಳು. ಅವೂ ಸಾಮಾನ್ಯವಾಗಿ ಮನೆಯ ಹಿರಿಯ ಹೆಂಗಸಿನವು. ಕೆಲಸವನ್ನು ಹೂಡುವುದಕ್ಕೆ ಉತ್ಸಾಹವೊಂದೇ ಸಾಕು. ಹೂಡಿದ್ದನ್ನು ಮಡಚಿಡುವುದಕ್ಕೆ ಬೇರೊಂದು ಗುಣ ಬೇಕು. ಆ ಗುಣಕ್ಕೆ ನಮ್ಮ ಆಚಾರ್ಯರು ಒಂದು ಹೆಸರನ್ನೇ ಕೊಟ್ಟಿದ್ದಾರೆ. ಅದರ ಮಾತು ಮುಂದೆ ಬರುತ್ತದೆ.

ಈ ಎರಡು ಕೈಗಳ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದೆಂಬ ಆಲೋಚನೆ ಇಂದಿನದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಸೇವೆಯಲ್ಲಿದ್ದಾಗ, ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ತಾವಾಗಿ ತೆರೆದು, ನೆರೆ ಇಳಿದೊಡನೆ ತಾವಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿ ಪೇಟೆಂಟನ್ನೂ ಪಡೆದರು. 1903ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯದಲ್ಲಿ ಮೊದಲು ಅಳವಟ್ಟ ಆ ಏರ್ಪಾಡು ಬಳಿಕ ಗ್ವಾಲಿಯರಿನ ತಿಗ್ರಾ ಅಣೆಕಟ್ಟೆಗೂ ಶ್ರೀರಂಗಪಟ್ಟಣದ ಬಳಿಯ ಕೃಷ್ಣರಾಜಸಾಗರಕ್ಕೂ ಬಂದಿತು. 1911ರಲ್ಲಿ ಕಟ್ಟಲಾರಂಭಿಸಿದ ಈ ಅಣೆಕಟ್ಟೆಯ ಪೂರ್ಣ ಮಟ್ಟ 124.80 ಅಡಿ; ಅದರಲ್ಲಿ ನಿಲ್ಲುವ ನೀರು 49 ಟಿ.ಎಂ.ಸಿ. ಅಡಿಗಳಿಗೂ ಮಿಗಿಲು. ಕೃಷ್ಣರಾಜಪೇಟೆಯ ಸೀಮೆಯನ್ನು ಹಾದು ಬರುವ ಹೇಮಾವತಿಯೂ, ಲಕ್ಷ್ಮಣತೀರ್ಥವೂ ಇಲ್ಲಿ ಕಾವೇರಿಯನ್ನು ಕೂಡುತ್ತವೆ. ಮೂರು ನದಿಗಳ ನೆರೆ ಒಂದೇ ಇರುಳು ಬಂದು, ಕಾವಲಿನವನಿಗೆ ಜೊಂಪು ಹತ್ತಿದ್ದರೂ ಬಾಗಿಲು ಎಚ್ಚರವಾಗಿರಲಿ ಎಂಬುದು ಆ ಏರ್ಪಾಡಿನ ತಿರುಳು. ತೆರೆಯುವುದಷ್ಟೇ ಆಗಿದ್ದರೆ ಅದು ಅರ್ಧ ಆವಿಷ್ಕಾರವಾಗುತ್ತಿತ್ತು. ನೆರೆ ಇಳಿದ ಮೇಲೆ ಮುಚ್ಚಿಕೊಳ್ಳದಿದ್ದರೆ ಬೇಸಿಗೆಯ ನೀರೂ ಹರಿದುಹೋಗುತ್ತದೆ.

ಆದರೆ ಬಾಗಿಲಿಗೆ ತಿಳಿದಿರುವುದು ತನ್ನ ಹಿಂದಿನ ನೀರಿನ ಮಟ್ಟ ಮಾತ್ರ. ಮುಂದೆ ಯಾರಿದ್ದಾರೆಂಬುದು ಅದಕ್ಕೆ ತಿಳಿಯದು. ಅಣೆಕಟ್ಟೆಯಿಂದ ಹೆಚ್ಚು ನೀರು ಹೊರಟ ದಿನ ರಂಗನತಿಟ್ಟಿನ ನಡುಗಡ್ಡೆಗಳು ಮುಳುಗುತ್ತವೆ, ದೋಣಿಗಳು ನಿಲ್ಲುತ್ತವೆ, ಶ್ರೀರಂಗಪಟ್ಟಣದ ಸ್ನಾನಘಟ್ಟದ ಮೆಟ್ಟಿಲುಗಳು ಕಾಣದಾಗುತ್ತವೆ. ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುವವರನ್ನೂ ದನ ಮೀಯಿಸುವವರನ್ನೂ ಎಚ್ಚರಿಸುವುದು ಈಗಲೂ ಮನುಷ್ಯರ ಕೆಲಸವೇ. ಹಳ್ಳಿಯ ಕೆರೆಯ ನೀರುಗಂಟಿಗೆ ಈ ತಿಳಿವಳಿಕೆ ರಕ್ತದಲ್ಲಿಯೇ ಇತ್ತು. ತೂಬನ್ನು ಎತ್ತುವ ಮೊದಲು ಯಾರ ಗದ್ದೆಯಲ್ಲಿ ಕೊಯ್ಲಾಗಿದೆ, ಯಾರ ಗದ್ದೆಯಲ್ಲಿ ಕಂತೆ ಇನ್ನೂ ಒಣಗುತ್ತಿದೆ ಎಂಬುದನ್ನು ಅವನು ಬದುವಿನ ಮೇಲೆ ನಡೆದು ನೋಡಿ ಬರುತ್ತಿದ್ದನು. ಅವನು ಓದಿದವನಲ್ಲ, ಹಾಗಾಗಿ ಇದನ್ನು ಯಾರೂ ಶಾಸ್ತ್ರವೆಂದು ಕರೆಯಲಿಲ್ಲ.

ನಾಗಮಂಗಲ ತಾಲ್ಲೂಕಿನ ಒಂದು ಶ್ರಾವಕ ಮನೆತನದಲ್ಲಿ ಹುಟ್ಟಿದ ತರುಣನೊಬ್ಬನಿಗೆ ಈ ಮಾತು ತಡವಾಗಿ ಅರ್ಥವಾಯಿತು. ಅವನು ಮಂಡ್ಯದಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ಸಾಫ್ಟ್‌ವೇರ್ ಬರೆದು, ತಂದೆ ತೀರಿಕೊಂಡ ಮೇಲೆ ಶ್ರೀರಂಗಪಟ್ಟಣದಲ್ಲಿ ಬಾಡಿಗೆ ಮನೆ ಹಿಡಿದು, ಅಜ್ಜಿಯನ್ನೂ ಅಲ್ಲಿಗೆ ಕರೆತಂದಿದ್ದನು. ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಲ್ಲಿ ಹಾಲನ್ನು ತೂಗಿ, ಜಿಡ್ಡಿನಂಶ ನೋಡಿ, ಲೆಕ್ಕ ಬರೆದು, ಚೀಟಿ ಕೊಡುವ ಸಾಫ್ಟ್‌ವೇರನ್ನು ಅವನು ಸಿದ್ಧಪಡಿಸಿದ್ದನು. ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ಅದು ನಡೆಯುತ್ತಿತ್ತು.

ಇಂತಹ ಸಾಫ್ಟ್‌ವೇರ್ ಒಂದೇ ತುಂಡಾಗಿರುವುದಿಲ್ಲ. ತಕ್ಕಡಿಯೊಡನೆ ಮಾತನಾಡುವುದು ಒಂದು ಘಟಕ, ಹಾಲಿನ ಪರೀಕ್ಷಾ ಯಂತ್ರದೊಡನೆ ಮಾತನಾಡುವುದು ಇನ್ನೊಂದು, ಲೆಕ್ಕದ ಪುಸ್ತಕ ಮತ್ತೊಂದು, ಚೀಟಿಯ ಮುದ್ರಣ ಬೇರೆಯೊಂದು. ಇವುಗಳಿಗೆ ಮಾಡ್ಯೂಲುಗಳೆಂದು ಹೆಸರು. ಇವನ್ನು ಒಟ್ಟಿಗೆ ಹಿಡಿದಿರುವ ಚೌಕಟ್ಟೇ ಫ್ರೇಮ್‌ವರ್ಕ್. ಯಾವ ಮಾಡ್ಯೂಲನ್ನು ಯಾವಾಗ ಎಬ್ಬಿಸಬೇಕು, ಯಾವಾಗ ಮಲಗಿಸಬೇಕು ಎಂಬುದನ್ನು ಚೌಕಟ್ಟೇ ನೋಡಿಕೊಳ್ಳುತ್ತದೆ. 2004ರಲ್ಲಿ ಮೊದಲ ಪೂರ್ಣ ಆವೃತ್ತಿಯಾಗಿ ಹೊರಬಂದ ಸ್ಪ್ರಿಂಗ್ ಎಂಬ ಚೌಕಟ್ಟಿನಂತಹವು ಈ ಪದ್ಧತಿಯನ್ನು ಜಗತ್ತಿನ ಕಚೇರಿಗಳಿಗೆಲ್ಲ ಪರಿಚಯಿಸಿದವು. ಬರೆಯುವವನು ಪ್ರತಿಯೊಂದು ಮಾಡ್ಯೂಲಿಗೂ ಎರಡು ವಿಧಿಗಳನ್ನು ಬರೆದಿಟ್ಟರೆ ಸಾಕು: ಎದ್ದಾಗ ಮಾಡಬೇಕಾದುದು, ಮಲಗುವಾಗ ಮಾಡಬೇಕಾದುದು. ತರುಣನು ಊರಿನ ಬಸದಿಯಲ್ಲಿ ಬಾಲ್ಯದಿಂದ ನೋಡಿದ ಪೂಜಾಕ್ರಮವನ್ನು ನೆನೆದು ಮೊದಲನೆಯದಕ್ಕೆ ಆಹ್ವಾನವೆಂದೂ ಎರಡನೆಯದಕ್ಕೆ ವಿಸರ್ಜನೆಯೆಂದೂ ಹೆಸರಿಟ್ಟಿದ್ದನು. ಹೆಸರು ಚೆನ್ನಾಗಿಯೇ ಇತ್ತು.

ಎಬ್ಬಿಸುವುದಕ್ಕೆ ಒಂದು ಕ್ರಮವಿದೆ. ಮಲಗಿಸುವುದು ಅದರ ವಿಲೋಮ. ಬಸದಿಯ ಪುರೋಹಿತರು ಬೆಳಿಗ್ಗೆ ಹೊರಬಾಗಿಲು, ನವರಂಗ, ಗರ್ಭಗೃಹ ಎಂದು ಒಳಗೆ ಹೋಗುತ್ತಾರೆ. ರಾತ್ರಿ ಗರ್ಭಗೃಹದಿಂದ ಮೊದಲುಮಾಡಿ ಹೊರಗೆ ಬರುತ್ತಾರೆ. ಹೊರಬಾಗಿಲನ್ನು ಮೊದಲು ಮುಚ್ಚಿದರೆ ಒಳಗಿನ ದೀಪವನ್ನು ನೋಡಿಕೊಳ್ಳುವವರು ಯಾರು? ಹಾಗೆಯೇ ಲೆಕ್ಕದ ಪುಸ್ತಕ ಮೊದಲು ತೆರೆಯಬೇಕು, ಕೊನೆಗೆ ಮುಚ್ಚಬೇಕು. ಏಕೆಂದರೆ ಉಳಿದವೆಲ್ಲವೂ ಅದನ್ನು ನಂಬಿಕೊಂಡಿವೆ. ಮಲಗುವ ಮಾಡ್ಯೂಲು ತಾನು ಹಿಡಿದಿದ್ದುದನ್ನು ಬಿಡಬೇಕು. ತಕ್ಕಡಿಯ ತಂತಿಯನ್ನು ಒಂದು ಹೊತ್ತಿಗೆ ಒಬ್ಬರೇ ಹಿಡಿಯಬಲ್ಲರು. ಹಿಡಿದವನು ಬಿಡದೆ ಮಲಗಿದರೆ ಮುಂದಿನವನಿಗೆ ಅದು ಸಿಗದು. ಬರೆದಿಟ್ಟ ಕೈಚೀಟಿಗಳನ್ನು ಹರಿದುಹಾಕಬೇಕು. ಇಷ್ಟನ್ನೂ ಚೌಕಟ್ಟು ತಾನಾಗಿ ಮಾಡಿಸುತ್ತದೆಂಬುದು ಅದರ ಆಕರ್ಷಣೆ. ಬರೆದವನು ನಿಶ್ಚಿಂತನಾಗಿ ನಿದ್ರಿಸಬಹುದು. ಅಪಾಯವಿರುವುದೂ ಆ ನಿಶ್ಚಿಂತೆಯಲ್ಲಿಯೇ.

ಆ ಹಳ್ಳಿಗಳಲ್ಲೊಂದರಲ್ಲಿ ಬೆಳಗಿನ ಆರೂವರೆಯ ಸುಮಾರಿಗೆ ಆಗಾಗ ಕರೆಂಟು ಹೋಗುತ್ತಿತ್ತು. ಸಂಘದ ಯುಪಿಎಸ್ಸಿನ ಬ್ಯಾಟರಿ ಹಳೆಯದು. ನಿಮಿಷವೆರಡು ನಿಮಿಷಕ್ಕೆ ಅದೂ ಕೈಬಿಡುತ್ತಿತ್ತು. ಕಂಪ್ಯೂಟರ್ ಹಾಗೆ ಫಕ್ಕನೆ ಆರಿದಾಗ ವಿಸರ್ಜನೆಯ ವಿಧಿ ನಡೆಯುವುದೇ ಇಲ್ಲ. ಸಾಯುವವನು ಉಯಿಲು ಬರೆಯಲು ಮರೆತಂತಲ್ಲ ಇದು. ಬರೆಯಲು ಹೊತ್ತೇ ಸಿಗದಂತೆ. ಆ ಗಳಿಗೆಯಲ್ಲಿ ಯಾರ ಹಾಲು ಪರೀಕ್ಷೆಯಲ್ಲಿತ್ತೋ ಅವರ ಜಿಡ್ಡಿನಂಶವನ್ನು ಬರೆದಿಟ್ಟ ಕೈಚೀಟಿ ಹರಿಯದೆ ಉಳಿಯುತ್ತಿತ್ತು. ಕರೆಂಟು ಬಂದು ಎಲ್ಲವೂ ಮತ್ತೆ ಎದ್ದಾಗ ಪರೀಕ್ಷಾ ಯಂತ್ರದ ಮಾಡ್ಯೂಲು ಆ ಚೀಟಿಯನ್ನು ಕಂಡು, ಇದು ಈಗಿನದೇ ಎಂದು ತಿಳಿದು, ಸಾಲಿನಲ್ಲಿದ್ದ ಮುಂದಿನವರ ಹೆಸರಿಗೆ ಅದನ್ನು ಬರೆದುಬಿಡುತ್ತಿತ್ತು. ತೂಕ ಹೊಸದು, ಸರಿಯಾದುದು. ಜಿಡ್ಡು ಮಾತ್ರ ಹಿಂದಿನವರದು. ಆದುದರಿಂದ ಯಾರ ಕಣ್ಣಿಗೂ ಅದು ತಪ್ಪೆಂದು ಕಾಣಲಿಲ್ಲ. ಮೂರನೆಯವರಿಂದ ಎಲ್ಲವೂ ನೇರವಾಗುತ್ತಿತ್ತು.

ಇಂತಹ ತಪ್ಪು ಚೆಲ್ಲಾಪಿಲ್ಲಿಯಾಗಿ ಎಲ್ಲರ ಮೇಲೂ ಬೀಳುತ್ತದೆಂದು ಊಹಿಸುವುದು ಸಹಜ. ಹಳ್ಳಿಯಲ್ಲಿ ಹಾಗಾಗುವುದಿಲ್ಲ. ಹಾಲಿನ ಕ್ಯಾನುಗಳ ಸಾಲು ದಿನವೂ ಹೆಚ್ಚುಕಡಮೆ ಒಂದೇ. ಆರೂವರೆಯ ಹೊತ್ತಿಗೆ ಎರಡು ಸೀಮೆಹಸು ಕಟ್ಟಿದ ಮನೆಯವರದು ಒಂದು ಕ್ಯಾನು. ಅದರ ಹಿಂದೆ ಒಂದು ನಾಟಿ ಹಸುವನ್ನು ನಂಬಿಕೊಂಡ ವಿಧವೆಯೊಬ್ಬಳ ಚಿಕ್ಕ ಕ್ಯಾನು. ಸೀಮೆಹಸುವಿನ ಹಾಲು ಹೆಚ್ಚು, ಜಿಡ್ಡು ಕಡಮೆ. ನಾಟಿ ಹಸುವಿನದು ಲೋಟದಷ್ಟೇ ಆದರೂ ಗಟ್ಟಿ. ಹಾಲಿನ ಬೆಲೆ ಗುಣದ ಮೇಲೆ ನಿಂತಿರುವುದರಿಂದ, ಕರೆಂಟು ಹೋದ ದಿನಗಳಲ್ಲೆಲ್ಲ ಆಕೆಗೆ ಕೆಲವು ರೂಪಾಯಿ ಕಡಮೆ ಸಿಗುತ್ತಿತ್ತು. ಅದಕ್ಕಿಂತ ಹೆಚ್ಚಿನದೊಂದು ಆಕೆಯಿಂದ ಹೋಯಿತು. ಒಂದು ದಿನ ಗಟ್ಟಿ, ಒಂದು ದಿನ ತೆಳು ಎಂದು ಚೀಟಿ ಹೇಳತೊಡಗಿದಾಗ ಊರಿನವರು ಒಂದೇ ಅರ್ಥ ಮಾಡಿಕೊಂಡರು. ಆಕೆ ಹಾಲಿಗೆ ನೀರು ಬೆರೆಸುತ್ತಾಳೆಂಬ ಮಾತು ಕಾರ್ಯದರ್ಶಿಯ ಮೇಜಿನಿಂದ ಅರಳಿಕಟ್ಟೆಗೆ, ಅಲ್ಲಿಂದ ಆಕೆಯ ಮಗಳನ್ನು ಕೊಟ್ಟ ಊರಿಗೂ ಹೋಯಿತು. "ಕರೆಂಟು ಹೋದ ದಿವ್ಸ ನನ್ನ ಹಸ ನೀರು ಕರೀತದಾ?" ಎಂದು ಆಕೆ ಜಗಳವಾಡಿದ್ದೂ ಉಂಟು. ಎಲ್ಲರೂ ನಕ್ಕರು. ಸತ್ಯ ಆ ಪ್ರಶ್ನೆಯೊಳಗೇ ಇತ್ತು, ಯಾರೂ ಎತ್ತಿಕೊಳ್ಳಲಿಲ್ಲ.

ಬೇರೊಂದು ಕೆಲಸಕ್ಕಾಗಿ ಆ ಊರಿಗೆ ಹೋಗಿದ್ದ ತರುಣನ ಕಿವಿಗೆ ಈ ನಗೆಯ ಕಥೆ ಬಿದ್ದಿತು. ಅವನು ನಗಲಿಲ್ಲ. ಆ ರಾತ್ರಿ ಮನೆಯಲ್ಲಿ ಕಂಪ್ಯೂಟರಿನ ತಂತಿಯನ್ನು ಕಿತ್ತು, ಮತ್ತೆ ಹಚ್ಚಿ, ಮತ್ತೆ ಕಿತ್ತು ನೋಡಿದನು. ಮೂರನೆಯ ಸಲಕ್ಕೆ ಕೈಚೀಟಿ ಕಣ್ಣಿಗೆ ಬಿದ್ದಿತು. ಬೆಂಗಳೂರಿನಲ್ಲಿ ಬರೆಯುವಾಗ ಅವನು ನೂರಾರು ಸಲ ಪರೀಕ್ಷಿಸಿದ್ದು ನಿಜ. ಆದರೆ ಪ್ರತಿಸಲವೂ ಮರ್ಯಾದೆಯಿಂದ ಮುಚ್ಚಿ ಪರೀಕ್ಷಿಸಿದ್ದನು. ಕರೆಂಟು ಹೋಗುವ ಊರಿನಲ್ಲಿಯೇ ಹುಟ್ಟಿ ಬೆಳೆದವನಿಗೆ ಇದು ಹೊಳೆಯದೆಹೋಯಿತು.

ಇದು ಅವನೊಬ್ಬನ ಮರೆವಲ್ಲ ಎಂಬುದನ್ನೂ ಹೇಳಬೇಕು. ಜಾವಾ ಎಂಬ ಹೆಸರಾಂತ ಭಾಷೆಯಲ್ಲಿಯೇ, ವಸ್ತುವೊಂದರ ಕೊನೆಗಾಲದಲ್ಲಿ ತಾನಾಗಿ ನಡೆಯಬೇಕಾದ ಫೈನಲೈಸ್ ಎಂಬ ವಿಧಿಯೊಂದಿತ್ತು. ಅದು ಯಾವಾಗ ನಡೆಯುವುದೆಂಬ ಭರವಸೆಯಿರಲಿಲ್ಲ. ನಡೆದೇ ನಡೆಯುವುದೆಂಬುದೂ ಇರಲಿಲ್ಲ. ವರ್ಷಗಟ್ಟಲೆ ಜನ ಅದನ್ನು ನಂಬಿ ಕೆಟ್ಟ ಮೇಲೆ, 2017ರ ಆವೃತ್ತಿಯಲ್ಲಿ ಅದನ್ನು ಬಳಸಬೇಡಿರೆಂದೂ, 2022ರಲ್ಲಿ ಅದನ್ನು ಮುಂದೆ ತೆಗೆದೇ ಹಾಕಲಾಗುವುದೆಂದೂ ಸಾರಲಾಯಿತು. ಕೆಲವು ರೂಪಾಯಿಗಳ ಮಾತಿಗೆ ಇಷ್ಟು ಪೀಠಿಕೆಯೇ ಎನ್ನುವವರಿಗೆ ಇನ್ನೊಂದು ಸಂಗತಿ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನಿನಲ್ಲಿ, ಬರುವ ಕ್ಷಿಪಣಿಯನ್ನು ತಡೆಯಬೇಕಾಗಿದ್ದ ಪೇಟ್ರಿಯಟ್ ಎಂಬ ವ್ಯವಸ್ಥೆ ಕೈಕೊಟ್ಟು 28 ಅಮೆರಿಕನ್ ಸೈನಿಕರು ಸತ್ತರು. ಅದರ ಲೆಕ್ಕದಲ್ಲಿ ಕ್ಷಣಕ್ಷಣಕ್ಕೂ ಕೂದಲೆಳೆಯಷ್ಟು ತಪ್ಪು ಸೇರುತ್ತಿತ್ತು. ಒಮ್ಮೆ ಮುಚ್ಚಿ ತೆರೆದಿದ್ದರೆ ಆ ತಪ್ಪು ತೊಳೆದುಹೋಗುತ್ತಿತ್ತು. ನೂರು ಗಂಟೆಗಳ ಕಾಲ ಯಾರೂ ಅದನ್ನು ಮುಚ್ಚಿರಲಿಲ್ಲ. ಕಾಲದ ಎಣಿಕೆ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಜಾರಿತ್ತು. ಬಹಳ ಹೊತ್ತು ನಡೆಸಬಾರದೆಂದು ಬಳಸುವವರಿಗೆ ತಿಳಿಸಲಾಗಿತ್ತು, ಬಹಳ ಎಂದರೆ ಎಷ್ಟೆಂದು ತಿಳಿಸಿರಲಿಲ್ಲ. ತಿದ್ದಿದ ಸಾಫ್ಟ್‌ವೇರ್ ಅಲ್ಲಿಗೆ ತಲುಪಿದ್ದು ಮರುದಿನ. ಆಯುಧವೇ ಹಿಂಸೆಯ ಸಾಧನವಾಗಿರುವಾಗ ಈ ಉದಾಹರಣೆ ಸಲ್ಲದೆನ್ನಬಹುದು. ಆದರೆ ಆ ದಿನದ ಸಾವಿಗೆ ಶತ್ರುವಿನ ದ್ವೇಷದೊಡನೆ ಒಬ್ಬ ಲೆಕ್ಕಿಗನ ಪ್ರಮಾದವೂ ಕೂಡಿತ್ತೆಂಬುದು ಮರೆಯತಕ್ಕುದಲ್ಲ.

ಪ್ರಮಾದವೆಂಬ ಪದವನ್ನು ಜೈನಶಾಸ್ತ್ರಗಳು ತೂಗಿ ಬಳಸುತ್ತವೆ. ನೆಲ ನೋಡಿ ನಡೆಯುವ ಮುನಿಯ ಕಾಲಡಿಯಲ್ಲಿ ಕ್ರಿಮಿಯೊಂದು ಸಿಕ್ಕಿದರೂ ಆತನಿಗೆ ಹಿಂಸೆಯ ದೋಷವಿಲ್ಲ. ನೋಡದೆ ನಡೆದವನ ಕಾಲಡಿಯಲ್ಲಿ ಏನೂ ಸಾಯದಿದ್ದರೂ ದೋಷವಿದೆ. ಐದು ಸಮಿತಿಗಳಲ್ಲಿ ನಾಲ್ಕನೆಯದು ಆದಾನ-ನಿಕ್ಷೇಪಣ ಸಮಿತಿ. ಪಿಂಛಿಯಾಗಲಿ ಕಮಂಡಲುವಾಗಲಿ ಗ್ರಂಥವಾಗಲಿ, ಎತ್ತುವ ಮೊದಲು ನೋಡಬೇಕು, ಇಡುವ ಮೊದಲೂ ನೋಡಬೇಕು, ಗುಡಿಸಬೇಕು. ಎತ್ತುವುದಕ್ಕೊಂದು ಇಡುವುದಕ್ಕೊಂದು ಎಂದು ಆಚಾರ್ಯರು ಎರಡು ಸಮಿತಿಗಳನ್ನು ಹೇಳಲಿಲ್ಲ. ಎರಡೂ ಸೇರಿ ಒಂದೇ. ಇದು ಮುನಿಗಳಿಗೆ, ಗೃಹಸ್ಥರಿಗಲ್ಲ ಎಂದು ಪಾರಾಗುವಂತೆಯೂ ಇಲ್ಲ. ಶ್ರಾವಕರ ಪ್ರೋಷಧೋಪವಾಸದ ಅತಿಚಾರಗಳಲ್ಲಿ ನೋಡದೆ ಗುಡಿಸದೆ ಎತ್ತುವುದೂ ಬಿಡುವುದೂ ಎಣಿಕೆಯಾಗಿವೆ. ಅಚೌರ್ಯವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ, ಎಂದರೆ ಹೆಚ್ಚುಕಡಮೆ ತೂಗುವುದು ಅಳೆಯುವುದು, ಎಂಬುದೊಂದಿದೆ. ತಿಳಿಯದೆ ಆದ ಅಳತೆ ಕಳ್ಳತನವಾಗದು, ನಿಜ. ತಿಳಿದ ದಿನದಿಂದ ಅದು ಏನಾಗುತ್ತದೆ?

ತಿದ್ದುವುದು ಕಷ್ಟವಾಗಲಿಲ್ಲ. ಮುಚ್ಚುವಾಗ ಗುಡಿಸುವುದರ ಜೊತೆಗೆ ತೆರೆಯುವಾಗಲೂ ಗುಡಿಸಬೇಕು. ಹಿಂದಿನ ಸಲ ಸರಿಯಾಗಿ ಮುಗಿದಿತ್ತೆಂದು ನಂಬಬಾರದು. ದೈವಸಿಕ ಪ್ರತಿಕ್ರಮಣ ಮಾಡಿ ಮಲಗಿದವರೂ ಬೆಳಿಗ್ಗೆ ರಾತ್ರಿಕ ಪ್ರತಿಕ್ರಮಣ ಮಾಡುವಂತೆ. ಪ್ರತಿಯೊಂದು ಕೈಚೀಟಿಯ ಮೇಲೂ ಯಾರದೆಂಬ ಹೆಸರನ್ನೂ ಹೊತ್ತನ್ನೂ ಬರೆಯಿಸಿದನು. ಎರಡು ದಿನದ ಕೆಲಸ.

ಹಣದ ಮಾತು ಉಳಿಯಿತು. ಎಲ್ಲ ಹಳ್ಳಿಗಳ ಹಳೆಯ ಲೆಕ್ಕ ತೆಗೆದು ಒಬ್ಬೊಬ್ಬರಿಗೆ ಎಷ್ಟು ಸಲ್ಲಬೇಕೆಂದು ಹುಡುಕುವುದು ತಿಂಗಳುಗಳ ಕೆಲಸ. ಅವನು ಒಂದು ಸುಲಭದ ದಾರಿ ಕಂಡುಕೊಂಡನು. ಒಟ್ಟು ಎಷ್ಟಾಗಬಹುದೆಂದು ಅಂದಾಜು ಮಾಡಿ, ಅದರ ಎರಡರಷ್ಟನ್ನು ಗೋಶಾಲೆಗೋ ಬಸದಿಯ ಜೀರ್ಣೋದ್ಧಾರಕ್ಕೋ ಕೊಟ್ಟುಬಿಡುವುದೆಂದು ಅಜ್ಜಿಗೆ ಹೇಳಿದನು. ಆಗ ಆ ವೃದ್ಧೆ ಹಿತ್ತಿಲಿನ ಬಾವಿಯ ಬಳಿ ನೀರು ಸೋಸುತ್ತಿದ್ದರು. ನಲ್ಲಿ ಬಂದ ಮೇಲೂ ಆಕೆ ಬಾವಿಯ ನೀರನ್ನು ಬಿಟ್ಟಿರಲಿಲ್ಲ. ಎರಡು ಮಡಿಕೆಯ ಬಟ್ಟೆಯಲ್ಲಿ ನೀರನ್ನು ಸೋಸಿ, ಸೋಸಿದ ನೀರಿನಿಂದಲೇ ಬಟ್ಟೆಯನ್ನು ಮೆಲ್ಲಗೆ ಜಾಲಿಸಿ, ಆ ನೀರನ್ನು ತಳದಲ್ಲಿ ಕೊಂಡಿಯಿದ್ದ ಚಿಕ್ಕ ಬಿಂದಿಗೆಯಲ್ಲಿ ಬಾವಿಗೆ ಇಳಿಸಿ, ನೀರಿನ ಮಟ್ಟದಲ್ಲಿ ಬಗ್ಗಿಸಿ ಬಿಡುತ್ತಿದ್ದರು. ಬಟ್ಟೆಯಲ್ಲಿ ಸಿಕ್ಕಿದ ಜೀವಗಳು ಮೇಲಿನಿಂದ ಬಿದ್ದು ನೋಯಬಾರದು. ತಮ್ಮ ನೀರಿಗೆ ತಾವು ಸೇರಬೇಕು. ಮೊಮ್ಮಗನು ಇದನ್ನು ಹುಟ್ಟಿದಾಗಿನಿಂದ ನೋಡಿದ್ದನು, ನೋಡಿ ನೋಡಿ ಕಾಣದಂತಾಗಿತ್ತು.

ಅಜ್ಜಿ ಹಗ್ಗವನ್ನು ಇಳಿಸುತ್ತಲೇ, "ಇದನ್ನು ಪಕ್ಕದ ಮನೆಯ ಬಾವಿಗೆ ಬಿಟ್ಟರೆ ಆಗುತ್ತದೇನು, ಮಗೂ?" ಎಂದರು.

ಅವನು ಸುಮ್ಮನಿದ್ದನು. ಬಳಿಕ, "ಒಬ್ಬರು ತೀರಿಕೊಂಡಿದ್ದಾರೆ ಅಜ್ಜಿ. ಬಾವಿಯೇ ಬತ್ತಿದರೆ?" ಎಂದು ಕೇಳಿದನು.

"ಒರತೆ ಎಲ್ಲಿಗೆ ಹೋಯಿತು ನೋಡು."

ಮಳೆಗಾಲವೆಲ್ಲ ಆ ಲೆಕ್ಕದಲ್ಲಿಯೇ ಕಳೆಯಿತು. ಯಾವ ಯಾವ ದಿನ ಸಾಫ್ಟ್‌ವೇರ್ ಮುಚ್ಚದೆ ಆರಿತ್ತೆಂಬುದು ಅದರ ದಿನಚರಿಯಲ್ಲಿ ದಾಖಲಾಗಿತ್ತು. ಆ ದಿನಗಳ ಎರಡನೆಯ ಹೆಸರನ್ನು ಹಿಡಿದು, ಅವರ ಹಿಂದುಮುಂದಿನ ದಿನಗಳ ಜಿಡ್ಡಿನಂಶ ನೋಡಿ, ಸಂಶಯವಿದ್ದಲ್ಲಿ ಹಾಲು ಹಾಕಿದವರ ಕಡೆಗೇ ತಕ್ಕಡಿ ವಾಲುವಂತೆ ಮೊತ್ತವನ್ನು ಬರೆದನು. ತಪ್ಪಿನಿಂದ ಹೆಚ್ಚು ಪಡೆದವರೂ ಇದ್ದರು. ಅವರಿಂದ ಏನನ್ನೂ ಕೇಳಲಿಲ್ಲ. ಅದು ಔದಾರ್ಯವಲ್ಲ. ಅವರು ಬೇಡದೆ ಬಂದುದು ಅವರ ದೋಷವಲ್ಲವಷ್ಟೆ. ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಯಲ್ಲಿ ತೀರಿಕೊಂಡಿದ್ದವನ ಮಗಳನ್ನು ಪಾಂಡವಪುರದ ಬಳಿ ಹುಡುಕಿ ಒಂದು ಲಕೋಟೆಯನ್ನು ಮುಟ್ಟಿಸಿದನು. ಒಳಗಿದ್ದ ಹಣ ಬಸ್ಸಿನ ಚಾರ್ಜಿಗಿಂತ ಕಡಮೆಯಿತ್ತು. ಆಕೆ ಅದನ್ನು ಎರಡು ಸಲ ಎಣಿಸಿ, ಅಪ್ಪನ ಹೆಸರು ಬರೆದಿದ್ದ ಚೀಟಿಯನ್ನು ಮಾತ್ರ ಕಣ್ಣಿಗೊತ್ತಿಕೊಂಡಳು.

ನಾಟಿ ಹಸುವಿನ ವಿಧವೆಯ ಊರಿಗೆ ಅವನು ಕೊನೆಗೆ ಹೋದನು. ಅದು ಕಠಿನವೆಂದು ತಿಳಿದಿತ್ತು. ಹಣ ಕೊಟ್ಟರೆ ಹಣ ಸೇರುತ್ತದೆ. ಅರಳಿಕಟ್ಟೆಗೆ ಹೋದ ಮಾತನ್ನು ಯಾವ ಬಿಂದಿಗೆಯಲ್ಲಿ ಇಳಿಸಿ ಹಿಂದಕ್ಕೆ ಬಿಡುವುದು? ಸಂಘದ ಕಾರ್ಯದರ್ಶಿಯೊಡನೆ ಒಳಗೆ ಕುಳಿತು ಹೇಳಿ ಬರಬಹುದಾಗಿತ್ತು. ಕಾರ್ಯದರ್ಶಿಗೂ ಅದೇ ಇಷ್ಟವಿತ್ತು. ಅವನು ಬೆಳಿಗ್ಗೆ ಆರೂವರೆಗೆ, ಕ್ಯಾನುಗಳ ಸಾಲು ಪೂರ್ತಿಯಾಗಿ ನಿಂತ ಹೊತ್ತಿನಲ್ಲಿ, ತಕ್ಕಡಿಯ ಪಕ್ಕದಲ್ಲಿ ನಿಂತುಕೊಂಡು ಹೇಳಿದನು: ಯಂತ್ರದ ಸಾಫ್ಟ್‌ವೇರ್ ಬರೆದವನು ತಾನು, ಕರೆಂಟು ಹೋದ ದಿನಗಳಲ್ಲಿ ಅದು ಒಬ್ಬರ ಜಿಡ್ಡನ್ನು ಇನ್ನೊಬ್ಬರ ಹೆಸರಿಗೆ ಬರೆದಿದೆ, ಈ ತಾಯಿಯ ಹಾಲಿನಲ್ಲಿ ಒಂದು ದಿನವೂ ನೀರಿರಲಿಲ್ಲ, ತಪ್ಪು ತನ್ನದು.

ಯಾರೂ ಮಾತನಾಡಲಿಲ್ಲ. ಯಾರೋ ಕೆಮ್ಮಿದರು. ಆಕೆ ಲಕೋಟೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಕ್ಯಾನಿನ ಮುಚ್ಚಳವನ್ನು ತೆಗೆದು, ಹಾಗೆಯೇ ಕೈಯಲ್ಲಿ ಹಿಡಿದು ನಿಂತಳು.

"ದುಡ್ಡು ಸರಿ ಕಣಪ್ಪಾ," ಎಂದಳು. "ಆ ಮಾತ ಇನ್ನೊಂದ್ಸಲ ಹೇಳು. ಹಿಂದ್ಗಡೆ ನಿಂತವ್ರ್‌ಗೆ ಕೇಳಿಸ್ಲಿಲ್ಲ."

ಅವನು ಮತ್ತೊಮ್ಮೆ, ಧ್ವನಿಯೇರಿಸಿ, ಹೇಳಿದನು.